ಹೊಸ ಗುಡಿಯ ಪ್ರಥಮ ವಾಚನ

೧ ಜೂನ್ ೨೦೨೫, ಭಾನುವಾರ

ಬಲಿಪೂಜೆ ಮುಗಿದ ಬಳಿಕ ಫಾದರ್ ದಯಾನಂದರು ತಗಡಿನ ಚಪ್ಪರದ ಹೊರಗೆ ನನ್ನನ್ನು ತಡೆದು ನಿಲ್ಲಿಸಿ, ನಮ್ಮ ಸಂತ ಅನ್ನಮ್ಮನವರ ಗುಡಿಯ ಪುನಃಪ್ರತಿಷ್ಠೆಯು ಜುಲೈ ಇಪ್ಪತ್ತಾರಕ್ಕೆ, ಅಮ್ಮನವರ ಹಬ್ಬದ ದಿನವೇ, ನಿಶ್ಚಯವಾಯಿತೆಂದು ತಿಳಿಸಿದರು. ಹದಿನಾಲ್ಕು ತಿಂಗಳಿಂದ ಶಾಲೆಯ ಅಂಗಳದ ಈ ತಗಡಿನ ಕೆಳಗೆ ಬೆಂದಿದ್ದೇವೆ. ಮಳೆ ಬಂದ ಭಾನುವಾರಗಳಲ್ಲಿ ದೇವರ ವಾಕ್ಯಕ್ಕಿಂತ ತಗಡಿನ ಸದ್ದೇ ಹೆಚ್ಚಾಗಿ ಕೇಳಿದೆ. ಗುಡಿಯ ಗೋಡೆಗಳು ಹಳೆಯವೇ. ಛಾವಣಿ, ನೆಲ, ಬಲಿಪೀಠ ಮಾತ್ರ ಹೊಸವು. ಬಲಿಪೀಠ ಹೊಸದಾದುದರಿಂದ ಧರ್ಮಾಧ್ಯಕ್ಷರು ಸ್ವತಃ ಬಂದು, ಪೀಠಕ್ಕೂ ಗೋಡೆಗಳಿಗೂ ಪವಿತ್ರ ತೈಲವನ್ನು ಲೇಪಿಸಿ, ಸಂಪೂರ್ಣ ವಿಧಿಯನ್ನು ನೆರವೇರಿಸುವರಂತೆ. ಆ ವಿಧಿಯ ಕನ್ನಡ ಪುಸ್ತಿಕೆಯ ಕರಡನ್ನು ತಿದ್ದುವ ಹೊಣೆಯನ್ನು ನನಗೆ ವಹಿಸಿದರು. ಮೂವತ್ತೊಂದು ವರ್ಷ ಕನ್ನಡ ಪಂಡಿತೆಯಾಗಿದ್ದ ನನ್ನನ್ನು ಬಿಟ್ಟು ಕೊಡಿಗೇಹಳ್ಳಿಯಲ್ಲಿ ಇನ್ನಾರಿಗೆ ವಹಿಸಿಯಾರು?

ಅಂದಿನ ಬಲಿಪೂಜೆಯಲ್ಲಿ ಧರ್ಮಗ್ರಂಥದ ವಾಚನ ಯಾರದೆಂಬ ಕುರಿತು ಅವರು ಏನನ್ನೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ೧೯೮೮ರಿಂದ ಪ್ರತಿಯೊಂದು ಹಬ್ಬದಲ್ಲಿಯೂ ಪ್ರಥಮ ವಾಚನ ನನ್ನದು. ಪ್ರತಿಷ್ಠೆಯ ದಿನದ ವಾಚನವಂತೂ ವಾಚಕರಿಗಾಗಿಯೇ ಬರೆದಂತಿದೆ: ಸೆರೆಯಿಂದ ಹಿಂದಿರುಗಿದ ಜನರ ಮುಂದೆ ಒಬ್ಬ ಧರ್ಮಶಾಸ್ತ್ರಿ ಮರದ ಮಂಚಿಕೆಯನ್ನೇರಿ ಗ್ರಂಥವನ್ನು ತೆರೆಯುತ್ತಾನೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ, ಜನರೆಲ್ಲ ಎದ್ದು ನಿಂತು ಕೇಳಿ ಕಣ್ಣೀರು ಸುರಿಸುತ್ತಾರೆ. ಊಟವಾದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿದೆನು. ಮೂರನೆಯ ಸಲಕ್ಕೆ ಪುಸ್ತಕ ಬೇಕಾಗಲಿಲ್ಲ.

೮ ಜೂನ್, ಭಾನುವಾರ

ವಾಚನವನ್ನು ಗಾರ್ಮೆಂಟ್ಸಿನ ಜಪಮಾಲೆಗೆ ಕೊಟ್ಟಿದ್ದಾರೆ.

ಪ್ರಕಟಣೆಗಳ ನಡುವೆ, ಊಟಕ್ಕೆ ಹೆಸರು ಕೊಡುವ ವಿಷಯಕ್ಕೂ ಚಪ್ಪರ ಬಿಚ್ಚುವ ವಿಷಯಕ್ಕೂ ಮಧ್ಯದಲ್ಲಿ, ಅದನ್ನೂ ಹೇಳಿಬಿಟ್ಟರು. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಕೇಳಿಸಿತು. ಬಲಿಪೂಜೆಯಲ್ಲಿ ಚಪ್ಪಾಳೆ!

ಫಾದರ್ ಆಮೇಲೆ ತಾವಾಗಿಯೇ ನನ್ನ ಬಳಿಗೆ ಬಂದರು. “ಟೀಚರ್, ಬೇಜಾರ್ ಮಾಡ್ಕೋಬೇಡಿ. ಮೂವತ್ತೇಳು ವರ್ಷ ನೀವು ಓದಿದ್ದೀರಿ. ಹೊಸ ಗುಡೀಲಿ ಇನ್ನೊಂದು ದನಿ ಶುರುವಾಗ್ಲಿ ಅಂತ. ಜಪಮಾಲೆ ಓದಿದ್ರೆ ಹಿಂದಿನ ಬೆಂಚಿನವ್ರೂ ತಲೆಯೆತ್ತಿ ಕೇಳ್ತಾರೆ.”

“ಮುಂದಿನ ಬೆಂಚಿನವರು?” ಎಂದೆನು.

“ಅವ್ರು ಹೇಗೂ ಕೇಳಿಸ್ಕೊಳ್ತಾರೆ” ಎಂದು ನಕ್ಕರು. “ನೀವೇ ಅವಳಿಗೆ ಕಲಿಸ್ಕೊಡ್ಬೇಕು. ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಹೇಳಿ.”

ಒಪ್ಪಿದೆನು. ಒಪ್ಪದಿದ್ದರೆ ಕಾರಣ ಎಲ್ಲರಿಗೂ ತಿಳಿದುಬಿಡುತ್ತಿತ್ತು.

ಜಪಮಾಲೆಯ ವಿಷಯದಲ್ಲಿ ನನಗೆ ದ್ವೇಷವಿಲ್ಲ. ಇದ್ದುದನ್ನು ಇದ್ದಂತೆ ಬರೆಯುತ್ತೇನೆ. ವಯಸ್ಸು ನಲವತ್ತಾರು. ದಾಸರಹಳ್ಳಿಯಿಂದ ನಮ್ಮ ಧರ್ಮಕೇಂದ್ರಕ್ಕೆ ಬಂದು ಮೂರು ವರ್ಷ. ತುಮಕೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿದು ಬಂದ ಅಂಗಿಗಳ ತಪ್ಪು ಹುಡುಕುವ ಕೆಲಸ. ಈ ಮೂರು ವರ್ಷಗಳಲ್ಲಿ ಆಕೆ ಕಾಯಿಲೆಯವರ ಮನೆಗಳಿಗೆಲ್ಲ ಹೋಗಿಬಂದಿದ್ದಾಳೆ. ಚಪ್ಪರ ಸೋರಿದಾಗ ಸೆರಗು ಸಿಕ್ಕಿಸಿಕೊಂಡು ಬಕೆಟ್ ಹಿಡಿದು ಓಡಾಡಿದ್ದಾಳೆ. ಆಕೆ ಬಂದರೆ ಬೆಂಚಿನಲ್ಲಿ ಜನ ಸರಿದು ಜಾಗ ಮಾಡಿಕೊಡುತ್ತಾರೆ. ನಾನು ಬಂದರೆ ಎದ್ದು ನಿಲ್ಲುತ್ತಾರೆ. ಎರಡರಲ್ಲಿ ಯಾವುದು ಹೆಚ್ಚಿನ ಗೌರವವೆಂಬುದು ಸ್ಪಷ್ಟವೇ ಇದೆ. ಆದಾಗ್ಯೂ ಎದ್ದು ನಿಂತವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಅಷ್ಟೇನೂ ಹಿತವಲ್ಲ.

೧೧ ಜೂನ್, ಬುಧವಾರ

ನಲವತ್ತು ವರ್ಷಗಳಿಂದ ಅಮ್ಮನವರ ಹಬ್ಬಕ್ಕೆ ಪಕ್ಕದ ಮನೆಯ ದ್ರೌಪದಮ್ಮನವರು ತಮ್ಮ ತೋಟದ ಮಲ್ಲಿಗೆಯನ್ನು ನನ್ನ ಕೈಗೇ ಕೊಟ್ಟು ಕಳುಹಿಸುತ್ತಿದ್ದರು. ತೋಟವಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದ್ದರೂ ತಾರಸಿಯ ಮೇಲೆ ಹನ್ನೆರಡು ಕುಂಡಗಳಿವೆ. ಈ ಸಲದ ಹೂವನ್ನು ಜಪಮಾಲೆಗೆ ಒಪ್ಪಿಸಿದ್ದಾರಂತೆ.

“ಅವಳೇ ಬಂದು ಕೇಳುದ್ಲು ಕಣಮ್ಮ, ಕೊಡ್ತೀನಿ ಅಂದೆ. ಅದುಕ್ಯಾಕೆ ಮುಖ ಇಂಗ್ ಮಾಡ್ಕೊಂಡಿದ್ದೀಯ?” ಎಂದರು.

“ಹೇಗೆ ಮಾಡಿಕೊಂಡಿದ್ದೇನೆ?”

“ಪರೀಕ್ಷೇಲಿ ನಕಲು ಒಡೆಯೋನ್ನ ಇಡಿದಂಗೆ.”

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆನು.

೧೫ ಜೂನ್, ಭಾನುವಾರ

ಮೊದಲ ಪಾಠ. ಜಪಮಾಲೆ ಸಂಜೆ ಬಂದಳು. ನಾಲ್ಕು ಸಾಲು ಓದಿಸಿದೆನು. ಮಹಾಪ್ರಾಣಗಳು ಹತ್ತಿ ತುಂಬಿದಂತೆ ಮೆತ್ತಗಿವೆ; ಎಲ್ಲಿ ನಿಲ್ಲಬೇಕೋ ಅಲ್ಲಿ ಓಡುತ್ತಾಳೆ; ಎಲ್ಲಿ ಓಡಬೇಕೋ ಅಲ್ಲಿ ಯಾರನ್ನೋ ನೋಡುತ್ತ ನಿಲ್ಲುತ್ತಾಳೆ. ಸಂತೋಷವಾಯಿತು. ದೇವರು ಕ್ಷಮಿಸಲಿ, ಅದು ಸಂತೋಷವೇ.

“ಟೀಚರ್, ನಿಜ ಹೇಳಿ, ನನ್ ಕೈಲಾಗುತ್ತಾ? ಇಲ್ಲ ಅಂದ್ರೆ ಫಾದರ್‌ಗೆ ಹೇಳ್ಬಿಡ್ತೀನಿ. ಬಿಷಪ್ ಮುಂದೆ ಮಾನ ಹೋಗೋದ್ ಬೇಡ.”

‘ಆಗದು’ ಎಂಬ ಒಂದು ಮಾತು ಸಾಕಾಗಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ನನ್ನ ಮೂವತ್ತೊಂದು ವರ್ಷದ ವೃತ್ತಿಯಲ್ಲಿ ಯಾವ ವಿದ್ಯಾರ್ಥಿಗೂ ನಾನು ಆ ಮಾತನ್ನು ಹೇಳಿದ್ದಿಲ್ಲ. “ಮತ್ತೊಮ್ಮೆ ಮೊದಲಿನಿಂದ ಓದು” ಎಂದೆನು.

೧೯ ಜೂನ್, ಗುರುವಾರ

ಪುಸ್ತಿಕೆಯ ಕರಡು ಬಂದಿತು. ಮೂವತ್ತಾರು ಪುಟಗಳು, ಒತ್ತಕ್ಷರಗಳ ಹಿಂಸೆ ಹೇಳತೀರದು. ಪ್ರಾರ್ಥನೆಗಳನ್ನು ಕಪ್ಪು ಅಕ್ಷರದಲ್ಲಿಯೂ, ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬ ಸೂಚನೆಗಳನ್ನು ಕೆಂಪು ಅಕ್ಷರದಲ್ಲಿಯೂ ಕೊಟ್ಟಿದ್ದಾರೆ.

ಹದಿನಾಲ್ಕನೆಯ ಪುಟದಲ್ಲಿ ಒಂದು ಕೆಂಪು ಸೂಚನೆ ಇದೆ. ಬೇರೆ ದಿನಗಳಲ್ಲಿ ವಾಚನಗ್ರಂಥವು ಮೊದಲೇ ವಾಚನಪೀಠದ ಮೇಲಿರುತ್ತದೆ; ವಾಚಕಿ ನೇರವಾಗಿ ಅಲ್ಲಿಗೆ ಹೋಗಿ ಓದುತ್ತಾಳೆ. ಪ್ರತಿಷ್ಠೆಯ ದಿನ ಮಾತ್ರ ಹಾಗಲ್ಲ. ಪೀಠ ಬರಿದಾಗಿರುತ್ತದೆ. ಧರ್ಮಾಧ್ಯಕ್ಷರು ಗ್ರಂಥವನ್ನು ಎತ್ತಿ ಸಭೆಗೆ ತೋರಿಸುತ್ತಾರೆ. ವಾಚಕಿ ಅವರ ಬಳಿಗೆ ನಡೆದುಹೋಗಿ ಅವರ ಕೈಯಿಂದಲೇ ಅದನ್ನು ಸ್ವೀಕರಿಸಿ, ಎಲ್ಲರೂ ನೋಡುವಂತೆ ಹೊತ್ತು ತಂದು, ಹೊಸ ಪೀಠದ ಮೇಲೆ ಮೊದಲ ಸಲ ಇರಿಸಬೇಕು. ಹೊಸ ಗುಡಿಗೆ ವಾಕ್ಯವು ಪ್ರವೇಶಿಸುವುದು ಹೀಗೆ. ಮೂವತ್ತೇಳು ವರ್ಷಗಳಲ್ಲಿ ನನಗೆ ಅಂತಹ ಒಂದು ನಡಿಗೆ ದೊರೆತಿಲ್ಲ.

ಆ ಪುಟದಲ್ಲಿ ಸಾಲುಗಳು ಹೆಚ್ಚಾಗಿ ಕೀರ್ತನೆಯ ಕೊನೆಯ ಚರಣವು ಮುಂದಿನ ಪುಟಕ್ಕೆ ಜಾರಿತ್ತು. ಪುಟದ ಅಂದ ಕೆಡಬಾರದೆಂದು ಆ ಸೂಚನೆಯನ್ನು ಹೊಡೆದುಹಾಕಿದೆನು. ಮುದ್ರಣದ ಸೌಕರ್ಯಕ್ಕಾಗಿ.

೨೨ ಜೂನ್, ಭಾನುವಾರ

ಎರಡನೆಯ ಪಾಠ. ಓದುತ್ತ ಓದುತ್ತ ಜಪಮಾಲೆ ಹಠಾತ್ತನೆ ನಿಲ್ಲಿಸಿ, “ಟೀಚರ್, ಈ ಜನ ಯಾಕೆ ಅಳ್ತಾರೆ? ಅವ್ನು ಬೈದೇ ಇಲ್ವಲ್ಲ, ಸುಮ್ನೆ ಓದ್ತಿದ್ದಾನೆ” ಎಂದು ಕೇಳಿದಳು.

ವಿಸ್ಮೃತವಾದ ಧರ್ಮಶಾಸ್ತ್ರದ ಪುನಃಶ್ರವಣದಿಂದ ಉಂಟಾದ ಪಶ್ಚಾತ್ತಾಪವೇ ಆ ಅಶ್ರುವಿಗೆ ಕಾರಣವೆಂದು ವಿವರಿಸಿದೆನು. ತಲೆಯಾಡಿಸಿದಳು. ಬಳಿಕ ಹೇಳಿದಳು: “ನಮ್ಮಮ್ಮಂಗೆ ಓದಕ್ಕೆ ಬರ್ತಿರ್ಲಿಲ್ಲ ಟೀಚರ್. ಊರಿಂದ ಕಾಗದ ಬಂದ್ರೆ ನಾನೇ ಓದ್ತಿದ್ದೆ. ಅದ್ರಲ್ಲಿ ಏನೂ ಇರ್ತಿರ್ಲಿಲ್ಲ, ಹಸು ಕರು ಹಾಕ್ತು, ಬಾವೀಲಿ ನೀರು ಬಂತು, ಅಷ್ಟೆ. ಅದಕ್ಕೇ ಅತ್ತುಬಿಡೋಳು. ಹಂಗಾ ಇದು?”

ಹಾಗೆಯೇ. ಅದೇ ಸರಿಯಾದ ಅರ್ಥ. ಮೂವತ್ತೇಳು ವರ್ಷಗಳ ಕಾಲ ಧರ್ಮಗ್ರಂಥವನ್ನು ಓದಿದ ನನಗೆ ಹೊಳೆಯದುದು, ಅಂಗಿಯ ಗುಂಡಿ ಪರೀಕ್ಷಿಸುವವಳಿಗೆ ಹೊಳೆಯಬೇಕೆ? ಕಣ್ಣಲ್ಲಿ ನೀರು ಬಂದಿತು. ಅದು ಕರುಬಿನಿಂದ ಬಂದುದೆಂದು ಸ್ಪಷ್ಟವಾಗಿ ಬಲ್ಲೆನು.

೨೯ ಜೂನ್, ಭಾನುವಾರ

ಜಪಮಾಲೆ ಬರಲಿಲ್ಲ. ಓವರ್‌ಟೈಮ್ ಅಂತೆ. ಐದೂವರೆಗೆ ಕಾಯಿಸಿಟ್ಟ ಕಾಫಿಯನ್ನು ಆರೂವರೆಗೆ ಚೆಲ್ಲಿದೆನು. ಹಾಲು ವ್ಯರ್ಥವಾಯಿತೆಂಬುದಷ್ಟೇ ನನ್ನ ಬೇಸರ.

೬ ಜುಲೈ, ಭಾನುವಾರ

ಫಾದರ್ ಗುಡಿಯೊಳಗೆ ಕರೆದುಕೊಂಡು ಹೋಗಿ ತೋರಿಸಿದರು. ನೆಲಕ್ಕಿನ್ನೂ ಪಾಲಿಷ್ ನಡೆದಿದೆ. ಗೋಡೆಗಳ ಮೇಲೆ ಹನ್ನೆರಡು ಶಿಲುಬೆಗಳನ್ನು ಕೆತ್ತಿ ಕೂಡಿಸಿದ್ದಾರೆ. ಪ್ರತಿಯೊಂದರ ಕೆಳಗೆ ದೀಪವಿರಿಸಲು ಹಿತ್ತಾಳೆಯ ಬಟ್ಟಲು. ನನ್ನ ಮೊಣಕೈಗಳು ಸವೆಸಿದ ಮರದ ವಾಚನಪೀಠ ಈಗಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಶಿಲೆಯ ಪೀಠ ನಿಂತಿದೆ. ಮುಟ್ಟಿ ನೋಡಿದೆನು, ತಣ್ಣಗಿತ್ತು.

“ಏನನ್ನಿಸ್ತು ಟೀಚರ್?”

“ಎತ್ತರ ಹೆಚ್ಚಾಯಿತು. ಜಪಮಾಲೆ ಕುಳ್ಳಿ. ಹಿಂದಿನವರಿಗೆ ಮುಖವೇ ಕಾಣದು.”

ಫಾದರ್ ನನ್ನನ್ನು ಒಂದು ಬಗೆಯಾಗಿ ನೋಡಿ, “ಹೌದಲ್ವಾ, ಒಂದು ಮಣೆ ಇಡ್ಸೋಣ” ಎಂದರು.

ಮಣೆಯ ಮಾತಿನ ಬೆನ್ನಿಗೇ ಆ ಕೆಂಪು ಸೂಚನೆಯ ಮಾತನ್ನೂ ಹೇಳಿಬಿಡಬಹುದಿತ್ತು. ಪಾಲಿಷ್ ಯಂತ್ರದ ಸದ್ದು ಬಹಳವಾಗಿತ್ತು.

೧೩ ಜುಲೈ, ಭಾನುವಾರ

ಪುಸ್ತಿಕೆಗಳು ಅಚ್ಚಾಗಿ ಬಂದವು. “ಒಂದು ತಪ್ಪಿಲ್ಲ ಟೀಚರ್, ಎಷ್ಟು ಅಚ್ಚುಕಟ್ಟು” ಎಂದರು ಫಾದರ್. ಹದಿನಾಲ್ಕನೆಯ ಪುಟ ನಿಜವಾಗಿಯೂ ಅಂದವಾಗಿದೆ. ಆ ಪುಟವನ್ನು ಮತ್ತೆ ತೆರೆಯಲು ಮನಸ್ಸಾಗಲಿಲ್ಲ.

ಇಂದು ಪಾಠದ ಕೊನೆಯಲ್ಲಿ ಜಪಮಾಲೆಗೆ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆನು. ಅಷ್ಟರಲ್ಲಿ ದ್ರೌಪದಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿ, “ಜಪಮಾಲೆ, ಬಾರಮ್ಮಿ, ಅಲಸಿನಣ್ಣು ಬಿಡ್ಸಿದ್ದೀನಿ” ಎಂದು ಕೂಗಿದರು. ನನ್ನನ್ನು ಕಂಡ ಮೇಲೆ, “ನೀನೂ ಬಾ” ಎಂದರು.

ಹೇಳಲಿಲ್ಲ. ಹಲಸಿನ ಹಣ್ಣಿಗೂ ಹೋಗಲಿಲ್ಲ.

೨೦ ಜುಲೈ, ಭಾನುವಾರ

ಜಪಮಾಲೆಗೆ ಕೆಮ್ಮು. ಬಟ್ಟೆಯ ಧೂಳು ಗಂಟಲಿಗೆ ಹೋಗುತ್ತದಂತೆ. ಶುಂಠಿ, ಮೆಣಸು, ಜೀರಿಗೆ ಕುಟ್ಟಿ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ತುಂಬಿ ಕೊಟ್ಟೆನು. ವಾಚನ ಕೆಟ್ಟರೆ ಕಲಿಸಿದವಳ ಹೆಸರೂ ಕೆಡುವುದರಿಂದ ಇದು ಅನಿವಾರ್ಯ. ಬುಧವಾರವೂ ಶುಕ್ರವಾರವೂ ಕಳುಹಿಸಬೇಕು.

ಇಂದು ಪೂರ್ತಿ ವಾಚನವನ್ನು ಒಂದೇ ಬಾರಿಗೆ ಓದಿದಳು. ನಾನು ಹೇಳಿಕೊಟ್ಟ ನಿಲುಗಡೆಗಳೆಲ್ಲವೂ ಇದ್ದವು. ಹೇಳಿಕೊಡದ ಏನೋ ಒಂದು ಕೂಡ ಇತ್ತು. ಕೊನೆಯ ಸಾಲಿನ ಹೊತ್ತಿಗೆ ನಾನು ತಪ್ಪುಗಳನ್ನು ಗುರುತು ಹಾಕಿಕೊಳ್ಳುವುದನ್ನೇ ಮರೆತಿದ್ದೆನು.

“ಹೆಂಗಿತ್ತು ಟೀಚರ್?”

“ಸಾಧಾರಣ.”

ಆ ಒಂದು ಪದಕ್ಕೆ ಆಕೆಯ ಮುಖ ಅರಳಿಬಿಟ್ಟಿತು. ನನ್ನ ‘ಸಾಧಾರಣ’ದ ಬೆಲೆ ಆಕೆಗೆ ಯಾರು ಹೇಳಿಕೊಟ್ಟರೋ.

೨೫ ಜುಲೈ, ಶುಕ್ರವಾರ

ಚಪ್ಪರದಲ್ಲಿ ಕಟ್ಟಕಡೆಯ ಪಾಪನಿವೇದನೆ. ಸಾಲಿನಲ್ಲಿ ನಾನು ಮೂರನೆಯವಳು. ಏನೆಂದು ಹೇಳುವುದು? ಒಂದು ಸಾಲು ಹೊಡೆದುಹಾಕಿದೆನೆಂದು? ಕರಡು ತಿದ್ದುವವರು ಸಾಲು ಹೊಡೆಯದೆ ಇನ್ನೇನು ಮಾಡುತ್ತಾರೆ? ನನ್ನ ಮುಂದಿನವರು ಎದ್ದುಬಂದು ಸರದಿ ನನ್ನದಾದಾಗ, ಕಾಲು ಹಿಡಿದುಕೊಂಡಿತೆಂದು ಹೇಳಿ ಮನೆಗೆ ಬಂದೆನು.

ಪ್ರಾರ್ಥನೆ ಸಾಗುತ್ತಿಲ್ಲ. ನಾಳೆ ಬೆಳಿಗ್ಗೆ ಗುಡಿಯ ಬಾಗಿಲಲ್ಲಿಯೇ ಹೇಳಿಬಿಡುತ್ತೇನೆ.

೨೬ ಜುಲೈ, ಶನಿವಾರ

ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಎಂಟೂವರೆಗೆಲ್ಲ ಬೀದಿ ತುಂಬಿತ್ತು. ಚಪ್ಪರದಿಂದ ಗುಡಿಯವರೆಗೆ ಮೆರವಣಿಗೆ. ದ್ರೌಪದಮ್ಮನವರ ಮನೆಯವರು ತಮ್ಮ ಗೇಟಿನೆದುರು ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಶಾಲೆಯ ಹಿಂದೆ ಅವರ ಹಿರಿಯ ಮಗನೇ ಅಡಿಗೆಯವರಿಗೆ ಬೋರ್‌ವೆಲ್ಲಿನ ನೀರು ಹರಿಸುತ್ತಿದ್ದನು. ಮುಚ್ಚಿದ ಬಾಗಿಲಿನ ಮುಂದೆ ಕಟ್ಟಡದ ಮೇಸ್ತ್ರಿ ಬೀಗದಕೈಯನ್ನು ಧರ್ಮಾಧ್ಯಕ್ಷರ ಕೈಗೆ ಒಪ್ಪಿಸಿದನು. ಬಾಗಿಲು ತೆರೆಯಿತು. ಒಳಗೆ ಒಂದು ದೀಪವೂ ಇರಲಿಲ್ಲ, ಬಲಿಪೀಠ ಬರಿಗಲ್ಲಾಗಿತ್ತು. ನಾವು ಹೊಕ್ಕಾಗ ಹೊಸ ಛಾವಣಿಯು ನಮ್ಮ ಹಾಡನ್ನು ಎತ್ತಿಕೊಂಡಿತು. ಹದಿನಾರು ತಿಂಗಳ ಮೇಲೆ ನಮ್ಮ ದನಿಯೇ ನಮಗೆ ಕೇಳಿಸಿತು, ಅಕ್ಕಪಕ್ಕದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಬಾಗಿಲಲ್ಲಿ ಜಪಮಾಲೆಗೆ ಹೇಳಬೇಕೆಂದಿದ್ದೆನು. ಆಕೆಯ ಸುತ್ತ ಇಪ್ಪತ್ತು ಜನರಿದ್ದರು. ಒಬ್ಬಳು ಪಿನ್ನು ಚುಚ್ಚುತ್ತಿದ್ದಳು, ಮತ್ತೊಬ್ಬಳು ಹೂ ಮುಡಿಸುತ್ತಿದ್ದಳು. ನನಗೆ ದಾರಿ ಮಾಡಿಕೊಟ್ಟು ಎಲ್ಲರೂ ಗೌರವದಿಂದ ಪಕ್ಕಕ್ಕೆ ನಿಂತರು. ಆ ಗೌರವದ ನಡುವೆ ನಡೆದುಹೋಗಿ ನಾನು ಮುಂದಿನ ಬೆಂಚಿನಲ್ಲಿ ಕುಳಿತೆನು.

ತೀರ್ಥ ಪ್ರೋಕ್ಷಣೆಯಾಯಿತು. ವಾಚನದ ಸಮಯ ಬಂದಿತು. ಧರ್ಮಾಧ್ಯಕ್ಷರು ಗ್ರಂಥವನ್ನು ಎತ್ತಿ ತೋರಿಸಿ, ಈ ಆಲಯದಲ್ಲಿ ದೇವರ ವಾಕ್ಯವು ಸದಾ ಮೊಳಗಲೆಂದು ಹರಸಿ, ಎರಡು ಕೈಗಳಿಂದ ಅದನ್ನು ಮುಂದಕ್ಕೆ ಚಾಚಿದರು. ಜಪಮಾಲೆ ಬರಿದಾದ ವಾಚನಪೀಠದ ಬಳಿ, ಮಣೆಯ ಮೇಲೆ, ಕೈಕಟ್ಟಿ ನಿಂತಿದ್ದಳು. ಕದಲಲಿಲ್ಲ. ಫಾದರ್ ಕಣ್ಣಿನಲ್ಲಿಯೇ ಏನೋ ಸನ್ನೆ ಮಾಡಿದರು. ಆಕೆ ನೋಡಲಿಲ್ಲ. ಧರ್ಮಾಧ್ಯಕ್ಷರ ಕೈಗಳು ಹಾಗೆಯೇ ಚಾಚಿದ್ದವು, ಅವರಿಗೂ ನನ್ನಷ್ಟೇ ವಯಸ್ಸು, ಗ್ರಂಥ ಭಾರವಾದುದು. ಹಿಂದಿನ ಸಾಲುಗಳಲ್ಲಿ ಪಿಸುಮಾತು ಎದ್ದಿತು.

ಇದನ್ನೇ ಅಲ್ಲವೆ ನಾನು ಬಯಸಿದ್ದು? ಬಯಸಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ. ಆಕೆ ನನ್ನ ವಿದ್ಯಾರ್ಥಿನಿ. ಎದ್ದೆನು. ಹೋಗಿ ತಲೆಬಾಗಿ ಗ್ರಂಥವನ್ನು ಸ್ವೀಕರಿಸಿದೆನು. ಅಲ್ಲಿಂದ ವಾಚನಪೀಠಕ್ಕೆ ಹದಿನೇಳು ಹೆಜ್ಜೆ. ಇಡೀ ಗುಡಿ ಎದ್ದು ನಿಂತಿತ್ತು. ಅದು ಗ್ರಂಥಕ್ಕಾಗಿ ಎಂಬುದು ನನಗೆ ತಿಳಿದಿತ್ತು; ಆದರೂ ಆ ಹದಿನೇಳು ಹೆಜ್ಜೆಗಳನ್ನು ಸಾಯುವವರೆಗೂ ಮರೆಯಲಾರೆನು.

ಗ್ರಂಥವನ್ನು ಪೀಠದ ಮೇಲಿರಿಸಿ, ತೆರೆದು, ವಾಚನದ ಪುಟವನ್ನು ಹುಡುಕಿ ಕೊಟ್ಟೆನು. ಜಪಮಾಲೆ ನನ್ನ ಕಿವಿಯ ಬಳಿ, “ನೀವೇ ಓದ್ಬಿಡಿ ಟೀಚರ್” ಎಂದಳು. ತಮಾಷೆಯಾಗಿ ಹೇಳಿದ ಮಾತಾಗಿರಲಿಲ್ಲ. ಮಣೆಯಿಂದ ಒಂದು ಕಾಲನ್ನು ಇಳಿಸಿಯೂ ಇದ್ದಳು.

ನನ್ನ ಕನ್ನಡಕ ಬೆಂಚಿನ ಮೇಲೆಯೇ ಉಳಿದಿತ್ತು. ಆದಕಾರಣ ‘ನೀನೇ ಓದು’ ಎಂದು ಹೇಳಿ ಹಿಂದೆ ಸರಿದೆನು. ಬೇರೆ ಕಾರಣವೇನಿಲ್ಲ.

ಆಕೆ ಓದಿದಳು. ನಾನು ಪಕ್ಕದಲ್ಲಿಯೇ ನಿಂತಿದ್ದೆನು. ಓದು ಹೇಗಿತ್ತೆಂದು ಬರೆಯಲಾರೆ. ಅಡಿಗೆಯ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ದ್ರೌಪದಮ್ಮನವರ ಮಗನೂ ಸೌಟು ಹಿಡಿದುಕೊಂಡೇ ಕೇಳುತ್ತಿದ್ದನು. ಆಮೇಲೆ ತೈಲಲೇಪನ, ಧೂಪ, ಹನ್ನೆರಡು ದೀಪಗಳು, ಬಲಿಪೂಜೆ, ಎಲ್ಲವೂ ನೆರವೇರಿದವು. ಪಂಕ್ತಿಯಲ್ಲಿ ಎಂಟುನೂರು ಜನ ಉಂಡರು. ಹತ್ತಾರು ಮಂದಿ ಬಂದು, “ಟೀಚರ್ ಗ್ರಂಥ ತರೋದು, ಜಪಮಾಲಕ್ಕ ಓದೋದು, ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದ್ರಿ” ಎಂದರು. ನಾನು ಪಾಯಸ ಬಡಿಸುವುದರಲ್ಲಿ ಮಗ್ನಳಾದೆನು.

೨೭ ಜುಲೈ, ಭಾನುವಾರ

ಮಧ್ಯಾಹ್ನ ಜಪಮಾಲೆಯ ಮನೆಗೆ ಹೋದೆನು. ಮೂರು ವರ್ಷಗಳಲ್ಲಿ ಇದೇ ಮೊದಲು. ಹಬ್ಬದ ಪಾತ್ರೆಗಳನ್ನು ಹಿತ್ತಲಲ್ಲಿ ರಾಶಿ ಹಾಕಿಕೊಂಡು ಉಜ್ಜುತ್ತಿದ್ದಳು. ನಾನು ನಿಂತುಕೊಂಡೇ, ಧರ್ಮಾಧ್ಯಕ್ಷರ ಕೈಯಿಂದ ಗ್ರಂಥವನ್ನು ತರಬೇಕಾದುದು ವಾಚಕಿಯೆಂದೂ, ಅದನ್ನು ನಾನು ಆಕೆಗೆ ಹೇಳಿಕೊಡಲಿಲ್ಲವೆಂದೂ ತಿಳಿಸಿದೆನು.

“ಗೊತ್ತಿತ್ತು ಟೀಚರ್.”

ಹಿತ್ತಲ ಮೆಟ್ಟಿಲ ಮೇಲೆ ಕುಳಿತೆನು.

“ಬುಧವಾರ ಬಿಷಪ್ ಹೌಸಿಂದ ಯಾರೋ ಫಾದರ್‌ಗೆ ಫೋನ್ ಮಾಡಿ ಎಲ್ಲಾ ವಿಚಾರಿಸಿದ್ರಂತೆ. ಫಾದರ್ ಬಂದು ನಂಗೆ ಹೇಳಿದ್ರು, ಬುಕ್ಕಲ್ಲಿ ಬಿಟ್ಟೋಗಿದೆ, ನೀನೇ ಹೋಗಿ ತಗೋಬೇಕು ಅಂತ.”

“ಹಾಗಾದರೆ ಏಕೆ ಹೋಗಲಿಲ್ಲ?”

“ನೀವು ಹೋಗ್ಲಿ ಅಂತ. ಮೂವತ್ತೇಳು ವರ್ಷ ಓದಿದೋರು ನೀವು. ಓದೋದು ನಂಗೆ ಬಂತು, ಹೊರೋದಾದ್ರೂ ನಿಮ್ಗಿರ್ಲಿ ಅನ್ನಿಸ್ತು. ಬಾಯಿಬಿಟ್ಟು ಕೇಳಿದ್ರೆ ನೀವು ಒಪ್ಪಲ್ಲ.”

“ನಾನು ಏಳದೆ ಇದ್ದಿದ್ದರೆ?”

ಆಕೆ ನಕ್ಕಳು. “ನೀವಾ? ತಪ್ಪು ನಡೀತಿದ್ರೆ ನೀವು ಸುಮ್ನೆ ಕೂತಿರೋದನ್ನ ಈ ಕೊಡಿಗೇಹಳ್ಳೀಲಿ ಯಾರಾದ್ರೂ ನೋಡಿದ್ದಾರಾ? ಹತ್ತರವರೆಗೂ ಎಣಿಸ್ತೀನಿ, ಇಲ್ಲಾಂದ್ರೆ ನಾನೇ ಹೋಗ್ತೀನಿ ಅಂದ್ಕೊಂಡಿದ್ದೆ. ನೀವು ಏಳಕ್ಕೇ ಎದ್ರಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆಕೆಯೇನೂ ಕೇಳಿರಲಿಲ್ಲ.

“ಅದು ಬಿಟ್ಟುಹೋದುದಲ್ಲ” ಎಂದೆನು. “ಪುಸ್ತಿಕೆಯಿಂದ ಆ ಸಾಲನ್ನು ಹೊಡೆದುಹಾಕಿದವಳು ನಾನು. ಬೇಕೆಂದೇ.”

ಉಜ್ಜುತ್ತಿದ್ದ ಕೈ ನಿಂತಿತು. ನಲ್ಲಿಯ ನೀರು ಒಂದು ಪಾತ್ರೆ ತುಂಬಿ ಹೊರಚೆಲ್ಲಿತು.

“ಯಾಕೆ ಟೀಚರ್?”

“ಹೊಟ್ಟೆಕಿಚ್ಚು.”

“ನನ್ ಮೇಲಾ?” ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂಬಲು ಕಷ್ಟಪಡುತ್ತಿದ್ದಂತೆ ತೋರಿತು. ನಂಬಿದ ಮೇಲೆ ಮುಖ ಬಿಗಿಯಾಯಿತು. “ಅಷ್ಟು ಜನರ ಮುಂದೆ ನಾನು ಪೆಚ್ಚುಪೆಚ್ಚಾಗಿ ನಿಂತ್ಕೊಳ್ಳಿ ಅಂತ. ಆಮೇಲೆ ಕಷಾಯ ಬೇರೆ ಕಳಿಸ್ತಿದ್ರಿ.”

ಹೌದೆಂದು ತಲೆಯಾಡಿಸಿದೆನು.

ಆಕೆ ನಲ್ಲಿಯನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಎದ್ದಳು. “ಇವತ್ತು ನಿಮಗೆ ಕಾಫಿ ಮಾಡಕ್ಕೆ ನನ್ ಕೈ ಬರಲ್ಲ ಟೀಚರ್. ಇವತ್ತು ಹೋಗಿ. ನಾಳೆ ಬನ್ನಿ.”

ಎದ್ದು ಬಂದೆನು. ದಾರಿಯುದ್ದಕ್ಕೂ ಒಂದೇ ಯೋಚನೆ: ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ‘ಹೋಗಿ’ ಎನ್ನುತ್ತಿದ್ದೆನು, ‘ನಾಳೆ ಬನ್ನಿ’ ಎಂಬುದು ಈ ಬಾಯಿಗೆ ಬರುತ್ತಿರಲಿಲ್ಲ. ಇದರಲ್ಲಿಯೂ ಆಕೆಯೇ ಮುಂದು. ಹೀಗೆ ಬರೆಯುವಾಗಲೂ ಎದೆಯಲ್ಲಿ ಸಣ್ಣಗೆ ಉರಿಯುತ್ತಿದೆ.

ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಲು ಮರೆತೆನು. ನಾಳೆ ಸೋಮವಾರ, ಶಿಫ್ಟು ಐದಕ್ಕೆ ಬಿಡುತ್ತದೆ, ಬಸ್ಸಿಗೆ ಒಂದು ಗಂಟೆ. ಆರೂಕಾಲಿಗೆ ಹೊರಡುತ್ತೇನೆ.